ಜಡೆ ಹಾಕುತ್ತಾ ಉಜ್ಜಿದ ಹಲ್ಲು

ಆಗೋದಿಲ್ಲ ಎಂದವಳು ನಮ್ಮ ಸೋದರತ್ತೆ. "ಈ ಮಗೀಗೆ ಹಲ್ಲುಜ್ಜೋದು ಕಲಿಸ್ತೀಯಾ? ಎಮ್ಮೆದೊಡ್ಡಿ ಕಾವಲಲ್ಲಿ ಮೇಯೋ ಹೋರಿಗೆ ಕಲ್ಸು, ಬೇಗ ಕಲೀತದೆ" ಎಂದು ಅಜ್ಜಂಪುರದ ನಮ್ಮ ಜಗಲಿಯ ಮೇಲೆ ಕೂತು ನಕ್ಕಿದ್ದಳು.

ತಂಗಿಗೆ ಆಗ ಒಂಬತ್ತು. ಡೌನ್ ಸಿಂಡ್ರೋಮ್ ಎಂಬ ಹೆಸರು ನಮಗಿನ್ನೂ ಗೊತ್ತಿರಲಿಲ್ಲ. ಊರಿನವರ ಬಾಯಲ್ಲಿ ಅವಳು 'ಪೆದ್ದಿ'. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಮೂಗಿಗೆ ಕರ್ಚೀಫು ಹಿಡಿದು, "ಬುದ್ಧಿ ವಿಷ್ಯ ಆಮೇಲೆ ನೋಡಾಣ. ಬಾಯಿ ಈ ಪಾಟಿ ನಾರ್ತದೆ, ಯಾರ ಪಕ್ಕ ಕೂರಿಸ್ಲಿ? ಶುದ್ಧ ಮಾಡಿ ಕರ್ಕೊಂಡು ಬನ್ನಿ" ಎಂದರು. ಅವ್ವ ತಂಗಿಯ ಕೈ ಹಿಡಿದು ಮನೆ ಕಡೆ ಹೊರಟಳು.

ನನಗೆ ಸಿಟ್ಟು ಬಂತು. ಆದರೆ ಮೇಷ್ಟ್ರು ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ಕೈಕಾಲು ಹಿಡಿದರೆ ಅವ್ವ ಇದ್ದಿಲ ಪುಡಿ ಹಾಕಿ ಬೆರಳಲ್ಲಿ ಉಜ್ಜುತ್ತಿದ್ದಳು. ತಂಗಿ ಕಚ್ಚುತ್ತಿದ್ದಳು. ಒಸಡಲ್ಲಿ ರಕ್ತ ಕಂಡ ದಿನದಿಂದ ಅವ್ವ ಹೆದರಿ ಉಜ್ಜುವುದನ್ನೇ ಬಿಟ್ಟಿದ್ದಳು.

ನಾನಾಗ ಕಡೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ. ಆ ಧೈರ್ಯದಲ್ಲಿ ತಂಗಿಯನ್ನು ತರೀಕೆರೆಯ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ. ಅವಳ ಸ್ಥಿತಿಗೊಂದು ಹೆಸರಿದೆ ಎಂದು ಹೇಳಿದವರೂ ಅವರೇ. "ಇಂಥ ಮಕ್ಕಳಿಗೆ ಒಸಡು ಬೇಗ ಕೆಡುತ್ತಮ್ಮ. ರಕ್ತ ಬಂತು ಅಂತ ಬಿಡಬಾರದು, ಬಿಟ್ಟದ್ದಕ್ಕೇ ಬರ್ತಿರೋದು. ಮೆತ್ತನೆ ಬ್ರಶ್ಶು, ದಿನಕ್ಕೆರಡು ಸಲ. ಹೆದರಿಸ್ಬೇಡಿ."

ಹೆದರಿಸದೆ ಹೇಗೆ? ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆ. ಉತ್ತರ ಮನೆಯಲ್ಲೇ ಇತ್ತು. ಸಂಜೆ ಜಡೆ ಹಾಕುವಾಗ ಮಾತ್ರ ಅವಳು ನನ್ನ ಮೊಣಕಾಲ ನಡುವೆ ಕೂತು, ತಲೆಯನ್ನು ಮಡಿಲಿಗೆ ಒರಗಿಸಿ ಕಣ್ಣು ಮುಚ್ಚುತ್ತಿದ್ದಳು. ಒಂದು ಸಂಜೆ ಜಡೆ ಕಟ್ಟಿ ಮುಗಿಸಿದವಳೇ ಹಿಂದಿನಿಂದ ಬ್ರಶ್ಶನ್ನು ಬಾಯಿಗಿಟ್ಟೆ.

ಕಚ್ಚಲಿಲ್ಲ!

ಅಂದಿನಿಂದ ಬೆಳಿಗ್ಗೆಯೂ ಜಡೆ, ಸಂಜೆಯೂ ಜಡೆ. ತಿಂಗಳು ಕಳೆಯುವಷ್ಟರಲ್ಲಿ ರಕ್ತ ನಿಂತಿತು. ವಾಸನೆಯೂ ಹೋಯಿತು. ಮೇಷ್ಟ್ರು ಮಾತಿಗೆ ತಪ್ಪದೆ ಸೇರಿಸಿಕೊಂಡರು.

ಆಮೇಲೆ ತಾನೇ ಉಜ್ಜಬೇಕೆಂಬ ಹಟ ಅವಳಿಗೆ. ಮೋಟು ಬೆರಳುಗಳಿಂದ ಬ್ರಶ್ಶು ಜಾರುತ್ತಿತ್ತು. ಅಪ್ಪ ಹಳೇ ಸೈಕಲ್ಲಿನ ಹ್ಯಾಂಡಲ್ಲಿಂದ ರಬ್ಬರು ಹಿಡಿ ಕಿತ್ತು, ಒಳಗೆ ಬಟ್ಟೆ ತುರುಕಿ, ಬ್ರಶ್ಶನ್ನು ಅದರಲ್ಲಿ ನಾಟಿಸಿದ. "ತಗಳವ್ವ, ಇನ್ನು ನಿನ್ ಸವಾರಿ ನೀನೇ ಹೊಡ್ಕೊ!" ಅವಳು ಹೊಡೆದಳು. ಹಿಂದಿನ ಹಲ್ಲು ಮಾತ್ರ ಜಡೆ ಹೊತ್ತಿನಲ್ಲಿ ನನ್ನ ಪಾಲಿಗೇ ಉಳಿಯಿತು.

ಮರುವರ್ಷ ಅದೇ ಡಾಕ್ಟರು ಶಾಲೆಗೆ ಬಂದು ಮಕ್ಕಳ ಬಾಯಿಯನ್ನೆಲ್ಲ ಪರೀಕ್ಷಿಸಿದರು. ಬೆಲ್ಲ ಮುಕ್ಕಿ ಹುಳುಕು ಹಿಡಿದ ಹಲ್ಲುಗಳೇ ಹೆಚ್ಚು. ಚೊಕ್ಕ ಬಾಯಿಗೆಂದು ಇಟ್ಟಿದ್ದ ಮೊದಲ ಬಹುಮಾನ ನನ್ನ ತಂಗಿಗೆ! ನಾನು ಬಿ.ಎಸ್ಸಿ. ಪಾಸಾದದ್ದೂ ಆ ವರ್ಷವೇ. ನನ್ನ ಸರ್ಟಿಫಿಕೇಟು ಅಂಚೆಯಲ್ಲಿ ಬಂತು, ಅವಳದ್ದು ಚಪ್ಪಾಳೆಯ ನಡುವೆ ಬಂತು. ಅಂದು ಕರ್ಚೀಫು ಹಿಡಿದಿದ್ದ ಮೇಷ್ಟ್ರೇ ಅದನ್ನು ಅವಳ ಕೈಗಿತ್ತರು. ಅವಳು ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕಳು.

ಹಿಂದೆ ನಿಂತಿದ್ದ ಸೋದರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಂದೆ ಬಂದು ಅವಳ ಗಲ್ಲ ಹಿಡಿದಳು. "ಲೇ ಅವ್ವಯ್ಯ, ನಾಳೆ ಬೆಳಿಗ್ಗೆ ನಂಗೂ ನೀನೇ ಉಜ್ಜೇ. ಉಳ್ದಿರೋ ನಾಕಾದ್ರೂ ಉಳ್ಕಳ್ಳಿ."