ಅತ್ತೆ ಉಣ್ಣುತ್ತಿದ್ದ ಮನೆ

ಆ ಕಾದಂಬರಿ ನಮ್ಮ ಚನ್ನಪಟ್ಟಣ ತಾಲ್ಲೂಕಿನ ಕಣ್ಣು ತೆರೆಸಿತು ಎನ್ನುತ್ತಾರೆ. ಸಭೆಗಳಲ್ಲಿ ಹೇಳುತ್ತಾರೆ, ಮೇಷ್ಟ್ರುಗಳು ಪರೀಕ್ಷೆಗೂ ಬರೆಸುತ್ತಾರೆ. ಸರಿ, ತೆರೆಸಿತು. ತೆರೆದ ಕಣ್ಣು ಮೊದಲು ಯಾರ ಮೇಲೆ ಬಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಿದ್ದದ್ದು ನಮ್ಮ ಸೋದರತ್ತೆಯ ಮೇಲೆ.

ಅತ್ತೆಯ ಊರು ವಿರೂಪಾಕ್ಷಿಪುರದ ಕಡೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಸೊಪ್ಪು ಕೊಯ್ಯಲು ದಲಿತ ಕೇರಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ಅತ್ತೆಗೆ ಗೆಳತಿ. ಮಾವ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೋದ ದಿನ ಅತ್ತೆ ಹಿತ್ತಲ ದಾರಿಯಲ್ಲಿ ಗೆಳತಿಯ ಮನೆಗೆ ಹೋಗಿ ಮುದ್ದೆ, ಬಸ್ಸಾರು ಉಂಡು ಬರುತ್ತಿದ್ದಳು. ರಜೆಗೆ ಹೋದರೆ ನನಗೂ ಅಲ್ಲೇ ಊಟ. ಸಮಾನತೆಯ ಬಗ್ಗೆ ಇಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಸಾರಿಗೆ ಉಪ್ಪು ಸಾಲದೆಂದು ಜಗಳವಾಡಿದ್ದು ಕೇಳಿದ್ದೇನೆ.

ಕಾದಂಬರಿಕಾರರು ಮಾವನಿಗೆ ಪರಿಚಯದವರು. ಹಳ್ಳಿಯ ಮಾತು ಕೇಳಬೇಕೆಂದು ಬಂದು ಒಂದಷ್ಟು ದಿನ ಆ ಮನೆಯಲ್ಲಿ ಉಳಿದರು. ಅತ್ತೆ ನಂಬಿ ಎಲ್ಲವನ್ನೂ ಹೇಳಿಕೊಂಡಳು. ಅವರು ಹೆಸರು ಬದಲಾಯಿಸಿದರು, ಊರು ಬದಲಾಯಿಸಿದರು. ಮಾತು ಬದಲಾಯಿಸಲಿಲ್ಲ. ಎಮ್ಮೆಗೂ ಬಸ್ ಕಂಡಕ್ಟರನಿಗೂ 'ಒಸಿ ತಡ್ಕೊ ನನ್ ರಾಜಾ' ಎನ್ನುವವಳು ಅತ್ತೆ. ನಾಯಕಿಯೂ ಅದನ್ನೇ ಅಂದಳು, ಕೇರಿಯ ಗೆಳತಿಯ ಮನೆಯಲ್ಲಿ ಉಂಡಳು, ಉಪ್ಪಿಗೇ ಜಗಳವಾಡಿದಳು. ಭಾಷೆಗೆ ಮಣ್ಣಿನ ವಾಸನೆಯಿದೆ ಎಂದು ವಿಮರ್ಶಕರು ಬರೆದರು. ವಾಸನೆ ಊರಿನವರಿಗೂ ಬಡಿಯಿತು. ಟೀ ಅಂಗಡಿಯಲ್ಲಿ ಒಬ್ಬ ಗಟ್ಟಿಯಾಗಿ ಓದಿದ. ಇವಳು ಯಾರೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಅತ್ತೆ ಬೀದಿಗಿಳಿದರೆ ಹಿಂದಿನಿಂದ ಕೂಗು: "ಒಸಿ ತಡ್ಕೊ ನನ್ ರಾಜಾ, ಸಾರಿಗೆ ಉಪ್ಪಾಕ್ತೀನಿ."

ಮಾವ ಹೊಡೆಯಲಿಲ್ಲ. "ಪುಸ್ತಕ ಬೇರೆ ಬರ್ಸ್ಕಂಡಿದೀಯ. ಇನ್ನು ಆ ಕಡೆ ಕಾಲಿಕ್ಕಿದ್ರೆ ಅಲ್ಲೇ ಇದ್ಬುಡು" ಎಂದ, ಅಷ್ಟೇ. ಗೆಳತಿಗೆ ಸೊಪ್ಪಿನ ಕೆಲಸ ತಪ್ಪಿತು. ಕಾದಂಬರಿಯ ಕೊನೆಯಲ್ಲಿ ಇಡೀ ಊರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತದೆ. ನಿಜವಾದ ಊರಿನಲ್ಲಿ ಹಾಗೆ ಉಣ್ಣುತ್ತಿದ್ದವರು ಇಬ್ಬರೇ. ಅದೂ ನಿಂತಿತು.

ಬರೆದವರನ್ನು ನಾನು ಬೈದರೆ ಅತ್ತೆ ಒಪ್ಪುವುದಿಲ್ಲ. "ಒಳ್ಳೇದೇ ಬರ್ದವ್ರೆ ಕಣಪ್ಪ. ಅವಳ್ ಮನೇಗ್ ಒಂದ್ಸಲ ಹೋಗ್ಬರ್ಬೇಕು. ಒಬ್ಳೇ ಹೋಗಕ್ಕೆ ಧೈರ್ಯ ಸಾಲ್ದು."

ಕಳೆದ ವರ್ಷ ರಾಮನಗರದಲ್ಲಿ ಚರ್ಚಾಸ್ಪರ್ಧೆ. ವಿಷಯ, ಶಾಂತಿ ಮತ್ತು ಸಾಮಾಜಿಕ ನ್ಯಾಯಕ್ಕೆ ಕಾದಂಬರಿಕಾರನ ಕೊಡುಗೆ. ನಾನು ವಿರೋಧದ ಕಡೆ. ಮುಖ್ಯ ಅತಿಥಿ ಆ ಕಾದಂಬರಿಕಾರರೇ. ಸಾಹಿತ್ಯವೆಂದರೆ ಇನ್ನೊಬ್ಬರ ನೋವಿನ ಪಕ್ಕದಲ್ಲಿ ನಿಲ್ಲುವುದು ಎಂದರು, ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದು ನಿಂತು, ನಾನು ಯಾರ ಮನೆಯವನೆಂದು ಹೇಳಿದೆ. ಅವರಿಗೆ ತುಂಬಾ ಸಂತೋಷವಾಯಿತು. ಅತ್ತೆ ಚೆನ್ನಾಗಿದ್ದಾರಾ ಎಂದು ವಿಚಾರಿಸಿದರು.

"ಇಲ್ಲ ಸಾರ್. ಆ ಗೆಳತಿ ಮನೆಗೆ ಹೋಗ್ಬೇಕು ಅಂತಾರೆ, ಒಬ್ಬರೇ ಹೋಗೋಕೆ ಭಯ. ಹಿತ್ತಲ ದಾರೀಲಲ್ಲ, ಟೀ ಅಂಗಡಿ ಮುಂದೇನೇ ಅತ್ತೆ ಜೊತೆ ನಡ್ಕೊಂಡು ಹೋಗಿ, ಅಲ್ಲಿ ಕೂತು ಉಣ್ತೀರಾ ಸಾರ್?"