ಬೆಳ್ಳುಳ್ಳಿ ಹುರಿದಾಗ ಮುಚ್ಚುವ ಕಿಟಕಿ

ಇವತ್ತು ಬೆಳಿಗ್ಗೆ ಚಟ್ನಿಪುಡಿಗೆಂದು ಬೆಳ್ಳುಳ್ಳಿ ಹುರಿಯುತ್ತಿದ್ದೆ. ಎಸಳುಗಳು ಕೆಂಪಗಾಗಿ ವಾಸನೆ ಏಳುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಹೋಗಿ ಸಿಂಕಿನ ಮೇಲಿನ ಕಿಟಕಿಯನ್ನು ಮುಚ್ಚಿತು. ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಮಗಳು ತಲೆ ಎತ್ತಿದಳು. "ಡ್ಯಾಡಿ, ವೈ ಆರ್ ಯು ಕ್ಲೋಸಿಂಗ್ ಇಟ್? ಇಟ್ ಸ್ಟಿಂಕ್ಸ್ ಇನ್ ಹಿಯರ್."

"ಪಕ್ಕದ ಮನೆಯವರಿಗೆ ಆಗಲ್ಲಮ್ಮ" ಎಂದೆ. ಅಂದ ಮೇಲೆ ಹೊಳೆಯಿತು, ಪಕ್ಕದ ಮನೆಯಲ್ಲಿ ವಾಲ್ಟರ್ ಇಲ್ಲ. ಅವರು ಸತ್ತು ಎಷ್ಟೋ ವರ್ಷವಾಯಿತು. ಈಗಿರುವ ದಂಪತಿಗಳು ನಮ್ಮ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುವವರು.

ನೀವು ಅಮೆರಿಕದ ಈ ಕಡೆ ಸಂಸಾರ ಹೂಡಿದವರಾಗಿದ್ದರೆ ಗ್ಯಾರೇಜ್ ಅಡುಗೆ ನಿಮಗೆ ಗೊತ್ತು. ಇಲ್ಲವಾದರೆ ಕೇಳಿ. ಚಳಿಗಾಲದ ಕೋಟುಗಳಿಗೆ ಒಗ್ಗರಣೆ ಹಿಡಿಯುತ್ತದೆ, ಆಫೀಸಿನ ಲಿಫ್ಟಿನಲ್ಲಿ ಜನ ಮೂಗು ಅರಳಿಸುತ್ತಾರೆ ಎಂಬ ಹೆದರಿಕೆಗೆ ನಾವು ಕರಿಯುವುದನ್ನೂ ಹುರಿಯುವುದನ್ನೂ ಗ್ಯಾರೇಜಿನಲ್ಲಿ, ಕಾರಿನ ಪಕ್ಕ ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡು, ಬಾಗಿಲನ್ನು ಅರ್ಧ ಎತ್ತಿ ಮಾಡುತ್ತಿದ್ದೆವು. ಗದಗಿನಿಂದ ಆರು ತಿಂಗಳಿಗೆಂದು ಶಿಕಾಗೋ ಪಕ್ಕದ ನಮ್ಮ ಲೈಲ್ ಊರಿಗೆ ಬಂದ ಅವ್ವ ಮೊದಲ ದಿನವೇ ಕೇಳಿದಳು: "ಇದೇನ ಕಳ್ಳಭಟ್ಟಿ ಕಾಸೂದೇನೋ, ಹಿಂಗ ಹೊರಗ ಕುಂತು?"

ಆದರೂ ಕೂತಳು. ಬೆಳ್ಳುಳ್ಳಿ ಹುರಿದಳು. ಪಕ್ಕದ ಹುಲ್ಲಿಗೆ ನೀರು ಬಿಡುತ್ತಿದ್ದ ಮುದುಕ ವಾಲ್ಟರ್, ಕೈಯಲ್ಲಿದ್ದ ಪೈಪನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಆಮೇಲೆ ಒಂದಾದ ಮೇಲೊಂದು ಕಿಟಕಿಗಳು ಮುಚ್ಚಿದ ಸದ್ದು. ಪೈಪು ಎಂದು ಬರೆದೆ. ಅದು ಕಸ ಬಳಿಯುವ ಕುಂಟೆಯೂ ಇದ್ದೀತು. ನೆನಪು ಇಂಥ ಕಡೆ ಪಾತ್ರಧಾರಿಯ ಕೈಗೆ ಏನಾದರೊಂದು ಕೊಟ್ಟುಬಿಡುತ್ತದೆ. ನಾನು ಅದನ್ನು ನಂಬುವವನಲ್ಲ. ಕಿಟಕಿಗಳ ಸದ್ದನ್ನು ಮಾತ್ರ ನಂಬುತ್ತೇನೆ.

"ನೋಡಿದ್ರಾ, ಕಂಪ್ಲೇಂಟ್ ಮಾಡೇ ಮಾಡ್ತಾರೆ" ಎಂದಳು ನನ್ನ ಹೆಂಡತಿ. ಅವಳು ಮೈಸೂರಿನವಳು; ನೆರೆಹೊರೆಯವರ ಮುಖ ಬಾಡಿದರೆ ಅವಳಿಗೆ ಊಟ ಸೇರುವುದಿಲ್ಲ.

"ಅಂವ ಹಂದಿ ಸುಟ್ಟ ಹೊಗಿ ದಿನಾ ನನ್ನ ಮೂಗಿಗೆ ಬರ್ತದ. ನಾ ಏನರ ಅಂದೇನೇನು?" ಎಂದಳು ಅವ್ವ.

ನಾನೋ, ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಮಾಡಿಕೊಂಡೆ. ಬಣ್ಣ, ವಾಸನೆ, ವಲಸೆ, ಘನತೆ ಎಲ್ಲವೂ ಇದ್ದ ಒಳ್ಳೆಯ ಇಂಗ್ಲಿಷ್ ಭಾಷಣ. ಅದನ್ನು ಮಾಡುವ ಅವಕಾಶ ಸಿಗಲಿಲ್ಲ. ಹೆಂಡತಿ ಒಂದು ತಟ್ಟೆ ಬೇಸನ್ ಉಂಡೆಯ ಜೊತೆ ನನ್ನನ್ನೂ ಹೊರಡಿಸಿಕೊಂಡು ವಾಲ್ಟರ್ ಮನೆಯ ಗಂಟೆ ಒತ್ತಿದಳು. ವಾಸನೆಗೆ ಕ್ಷಮೆ ಕೇಳಿದಳು.

"ಅಡುಗೆಗೆ ಯಾರೂ ಕ್ಷಮೆ ಕೇಳಬಾರದು" ಎಂದರು ವಾಲ್ಟರ್. ಬೇಸಿಗೆಯಲ್ಲೂ ಅವರದು ತುಂಬು ತೋಳಿನ ಅಂಗಿ. ಉಂಡೆಯ ತಟ್ಟೆ ಇಸಿದುಕೊಂಡು, ಬನ್ನಿ ಎಂದು ಒಳಗೆ ಕರೆದರು.

ಎರಡನೆಯ ಮಹಾಯುದ್ಧದಲ್ಲಿ ಅವರು ನೌಕಾಪಡೆಗೆ ಸೇರಿದ ಹದಿನೆಂಟರ ಹುಡುಗ. ಬೇಸಿಗೆ ಉಡುಪಿನ ಪರೀಕ್ಷೆ ಇದೆ, ಬಂದವರಿಗೆ ರಜೆ ಎಂದರಂತೆ. ರಜೆ ಎಂದರೆ ಮನೆ, ಅಮ್ಮ. ಹೋದರು. ಮುಖವಾಡ ತೊಡಿಸಿ ಒಂದು ಕೋಣೆಗೆ ಬಿಟ್ಟು ಹೊರಗಿನಿಂದ ಅಗಳಿ ಹಾಕಿದರು. ಒಳಗೆ ಬಿಟ್ಟದ್ದು ಮಸ್ಟರ್ಡ್ ಗ್ಯಾಸ್, ಚರ್ಮವನ್ನೂ ಶ್ವಾಸಕೋಶವನ್ನೂ ಸುಡುವ ಯುದ್ಧವಿಷ. ಅಂಚು ಸರಿಯಾಗಿ ಕೂರದ ಅವರ ಮುಖವಾಡದೊಳಕ್ಕೆ ಬಂದ ಆ ವಿಷದ ವಾಸನೆ ಥೇಟ್ ಬೆಳ್ಳುಳ್ಳಿಯದು. ಬಾಗಿಲು ಬಡಿದರು. ಹೊತ್ತು ಮುಗಿಯುವವರೆಗೆ ತೆರೆಯಲಿಲ್ಲ. ಆಮೇಲೆ ಕಂಕುಳಲ್ಲಿ, ಕುತ್ತಿಗೆಯಲ್ಲಿ, ಬೆವರುವಲ್ಲೆಲ್ಲ ಬೊಬ್ಬೆ. ಬಾಯಿಬಿಟ್ಟರೆ ಜೈಲು ಎಂದು ಹೆದರಿಸಿ ಕಳಿಸಿದರು. ಅವರು ಹೆಂಡತಿಗೂ ಹೇಳಲಿಲ್ಲ. ಇಂಥ ಪರೀಕ್ಷೆಗಳು ನಡೆದದ್ದು ಪತ್ರಿಕೆಯಲ್ಲಿ ಬಂದ ಮೇಲೆ ಬಾಯಿಬಿಟ್ಟರು; ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಹಾಕಿದ್ದು ವೈರಿ ಅಲ್ಲಾ?"

"ಅಲ್ಲವ್ವಾ. ಇವರದೇ ಸೈನ್ಯ."

"ತಮ್ಮ ಹುಡುಗೂರನ್ನ ತಾವ ಕೂಡಿಹಾಕಿ? ಬಡದ್ರೂ ಬಾಗಲಾ ತಗೀಲಿಲ್ಲಾ?"

ಇಲ್ಲವೆಂದು ತಲೆಯಾಡಿಸಿದೆ. "ನಾಳಿಂದ ಬಳ್ಳೊಳ್ಳಿ ಮನಿಯೊಳಗ" ಎಂದಳು ಅವ್ವ. "ಕಿಟಕಿ ಹಾಕ್ಕೊಂಡು. ನಿಮ್ಮ ಕೋಟು ನಾರಿದ್ರ ನಾರ್ಲಿ." ಅದೇ ಯುದ್ಧದಲ್ಲಿ ಬ್ರಿಟಿಷರು ನಮ್ಮ ಸಿಪಾಯಿಗಳನ್ನೂ ಚಡ್ಡಿಯಲ್ಲಿ ನಿಲ್ಲಿಸಿ ಇದೇ ವಿಷ ಹಾಕಿ ನೋಡಿದ್ದರೆಂದು ನಾನು ಓದುವ ಹೊತ್ತಿಗೆ, ಹೇಳಲು ಅವ್ವ ಇರಲಿಲ್ಲ.

ಅವ್ವ ಗದಗಿಗೆ ಮರಳುವ ಹೊತ್ತಿಗೆ ವಾಲ್ಟರ್‌ಗೆ ಆಕ್ಸಿಜನ್ ಸಿಲಿಂಡರ್ ಬಂದಿತ್ತು. ಸಾಯುವ ಮೊದಲು ಅವರಿಗೆ ಬೇಕಿದ್ದದ್ದು ಒಂದೇ ಮಾತು: ಹೌದು, ನಿನ್ನ ಮೇಲೆ ನಾವು ಇದನ್ನು ಮಾಡಿದೆವು. ಅದನ್ನು ಕೇಳಲು ಅವರನ್ನು ಶಿಕಾಗೋದಲ್ಲಿ ಮಾಜಿ ಸೈನಿಕರ ಒಂದು ಸರ್ಕಾರಿ ಕಚೇರಿಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಮೇಜಿನ ಆಚೆ ಇದ್ದವನು ತರುಣ, ವಿನಯವಂತ. ಯಾವ ತಿಂಗಳು ಎಂದು ಕೇಳಿದ. ಜೂನ್ ಎಂದರು ವಾಲ್ಟರ್. ಬೇರೆ ಮಾತಾಡಿಸಿ ಮತ್ತೆ ಕೇಳಿದ. ಆಗಸ್ಟ್ ಎಂದರು. ತರುಣ ಮುಗುಳ್ನಕ್ಕ. "ವಯಸ್ಸಾದ ಮೇಲೆ ನೆನಪು ಆಟ ಆಡಿಸುತ್ತೆ, ಸರ್. ನಿಮ್ಮ ಹೆಸರಿನಲ್ಲಿ ನಮ್ಮ ಬಳಿ ಏನೂ ಇಲ್ಲ."

ಅದು ನನ್ನ ಮಾತು. ನೆನಪನ್ನು ನಂಬಬೇಡಿ ಎಂದು ಬರೆದುಕೊಂಡೇ ಬಂದವನು ನಾನು. ಓದಿದವರು ತಲೆದೂಗಿದ್ದೂ ಉಂಟು. ಆ ಮಾತಿಗೆ ಇಂಥ ಮೇಜೊಂದು ಸಿಕ್ಕರೆ ಅದು ಏನು ಮಾಡಬಲ್ಲದೆಂದು ಅವತ್ತು ಕಂಡೆ. ಹುಡುಗನ ಬಾಯಿ ಮುಚ್ಚಿಸಿದವರು ಅವರು. ಹೆಸರು ಬರೆದಿಡದವರು ಅವರು. ಐವತ್ತು ವರ್ಷ ಬಿಟ್ಟು, ತಿಂಗಳು ನೆಟ್ಟಗೆ ಹೇಳು ಎನ್ನುವವರೂ ಅವರೇ.

ವಾಪಸ್ ಬರುವಾಗ ಕಾರಿನಲ್ಲಿ ಸಿಲಿಂಡರ್ ಸುಯ್ಯುತ್ತಿತ್ತು. ನಮ್ಮ ಎಕ್ಸಿಟ್ ಹತ್ತಿರ ಬಂದಾಗ ವಾಲ್ಟರ್ ಕೇಳಿದರು: "ಜೂನ್ ಅಂತಲೇ ಹೇಳಬೇಕಿತ್ತಾ?"

ಆ ಚಳಿಗಾಲ ದಾಟಲಿಲ್ಲ ಅವರು. ಕಚೇರಿಯಿಂದ ಬೇರೆ ಮಾತು ಬರಲಿಲ್ಲ.

ಇದನ್ನೆಲ್ಲ ಮಗಳಿಗೆ ಇವತ್ತೇ ಮೊದಲು ಹೇಳಿದ್ದು. ಬಾಣಲೆಯಲ್ಲಿ ಬೆಳ್ಳುಳ್ಳಿ ಸೀದು ಕಪ್ಪಾಗಿತ್ತು. ಅವಳು ಮುಚ್ಚಿದ ಕಿಟಕಿಯ ಕಡೆ ನೋಡಿದಳು. "ಹೀ ಈಸ್ ಗಾನ್, ಡ್ಯಾಡಿ. ಸೋ ಹೂ ಈಸ್ ಇಟ್ ಫಾರ್ ನೌ?"

ವಾಲ್ಟರ್ ಇದ್ದಾಗ ಮುಚ್ಚುತ್ತಿದ್ದದ್ದು ಅವರಿಗಾಗಿ. ಈಗ ಮುಚ್ಚಿದರೆ ಅನುಕೂಲ ಯಾರಿಗೆ? ಅವರ ಬಾಯಿ ಮುಚ್ಚಿಸಿದವರಿಗೆ.

ಸೀದದ್ದನ್ನು ಚೆಲ್ಲಿ ಹೊಸ ಎಸಳು ಹಾಕಿದೆ. ಕಿಟಕಿ ಪೂರ್ತಿ ಎತ್ತಿದೆ. ಜೂನೋ ಆಗಸ್ಟೋ ನನಗೂ ಗೊತ್ತಿಲ್ಲ. ವಾಸನೆ ಮಾತ್ರ ಇದೇ.