ಲಾತೂರಿನ ಹೊಲದಲ್ಲಿ ಹೂ ಬಿಟ್ಟಿದೆಯೇ

ನರೋಣಾದಲ್ಲಿ ಬಸ್ಸಿಗೆ ಕಾಯುತ್ತ ರಸ್ತೆ ಪಕ್ಕದ ಸೋಯಾ ಹೊಲದ ಬದುವಿನ ಮೇಲೆ ಕೂತಿದ್ದೆ. ಎಡಗಡೆಯ ಗಿಡಗಳು ಗಿಡ್ಡ, ಎಲೆಯ ಸಂದಿಯಲ್ಲೆಲ್ಲ ಸಣ್ಣ ನೇರಳೆ ಹೂ. ಬಲಗಡೆ ಎತ್ತರದ ಹಸುರು, ಹೂವೇ ಇಲ್ಲ.

“ಎರಡೂ ಒಂದೇ ಮಳಿಗೆ ಬಿತ್ತೀವ್ರಿ. ಇದು ಲಗೂ ಬರೂ ಬೀಜ, ಅದು ತಡಾ ಮಾಡ್ತದ,” ಎಂದರು ಕಳೆ ಕೀಳುತ್ತಿದ್ದ ಶಾಹೀನಬಿ.

ಅವರ ಗಂಡ ಲಾತೂರಿನ ಕಡೆ ದೊಡ್ಡ ರೈತರೊಬ್ಬರ ಸೋಯಾ ಹೊಲ ನೋಡಿಕೊಳ್ಳುತ್ತಾರೆ. ಅಲ್ಲಿ ಕೊಯ್ಲು, ರಾಶಿ ಮುಗಿದ ಮೇಲೆಯೇ ಮನೆಗೆ ಬರುವುದು.

“ಹೂ ಬಿಟ್ಟಾವೇನ್ರಿ ಅಂತ ಫೋನಿನ್ಯಾಗ ಕೇಳಿದ್ರ, ಇನ್ನೇನು ಬಿಡ್ತಾವ ಅಂತಾರ. ನನ್ನ ಸಮಾಧಾನಕ್ಕ ಹೇಳ್ತಾರೋ ಏನೋ.”

ನಾನೂ ಲಾತೂರಿಗೇ ಹೊರಟಿದ್ದೇನೆ ಎಂದಾಗ ಆಕೆಯ ಮುಖ ಅರಳಿತು. ತಮ್ಮ ಫೋನ್ ನಂಬರ್ ಹೇಳಿ, “ಆ ಕಡಿ ಎಲ್ಲಾರೂ ಒಂದೇ ಬೀಜ ಹಾಕ್ಯಾರಂತ. ಯಾವ್ದರ ಒಂದು ಹೊಲ ನೋಡಿ ಖರೇ ಹೇಳ್ರಿ ಅಕ್ಕಾರ,” ಎಂದರು.

ಲಾತೂರು ಹತ್ತಿರವಾದಾಗ ಬಸ್ಸು ಚಹಾಕ್ಕೆ ನಿಂತಿತು. ನಾನು ಚಹಾ ಬಿಟ್ಟು ಎದುರಿನ ಸೋಯಾ ಹೊಲಕ್ಕಿಳಿದೆ. ಹತ್ತಾರು ಗಿಡಗಳ ಎಲೆ ಸರಿಸಿ ನೋಡಿದೆ. ಒಂದು ಮೊಗ್ಗೂ ಕಾಣಲಿಲ್ಲ. ಸುಳ್ಳು ಹೇಳಲೇ ಎಂದು ಒಂದು ಗಳಿಗೆ ಅನಿಸಿದರೂ ಫೋನ್ ಮಾಡಿ ಇದ್ದದ್ದನ್ನೇ ಹೇಳಿದೆ.

ಶಾಹೀನಬಿ ಮೆಲ್ಲಗೆ ಕೇಳಿದರು: “ಗಿಡ ಭಾಳ ಎತ್ತರ ಆಗ್ಯಾವೇನ್ರಿ? ನಮ್ಮ ಮನಿಯವ್ರು ಸಾಲಿನ ನಡುವ ನಿಂತ್ರ ಎಲ್ಲೀತನ ಬರ್ತಾವ?”

ಆಕೆಯ ಗಂಡನನ್ನು ನಾನು ಕಂಡವಳಲ್ಲ. ಸಾಲುಗಳ ನಡುವೆ ಹೋಗಿ ನಿಂತುಕೊಂಡು, “ಸೊಂಟದ ತನಕ,” ಎಂದೆ.